ಗೂಡಿನ ಅಳತೆ

೨ ಸೆಪ್ಟೆಂಬರ್ ೨೦೦೬, ಶನಿವಾರ

ಗೂಡಿನ ಅಳತೆ ತೆಗೆದುಕೊಂಡೆ. ಅಗಲ ಒಂಬತ್ತು ಇಂಚು, ಎತ್ತರ ಹನ್ನೆರಡೂವರೆ, ಆಳ ಹದಿನಾರು. ಎರಡು ಸಲ ಅಳೆದೆ. ಎರಡು ಸಲವೂ ಅಷ್ಟೇ ಬಂತು.

ರಂಗನ ಮಂಚದ ಪಕ್ಕದ ಮಣ್ಣುಗೋಡೆಯಲ್ಲಿರುವ ಗೂಡು ಇದು. ಅವ್ವ ಸಂಜೆ ದೀಪ ಇಡುವುದು ಇದರಲ್ಲೇ. ಕಂಪ್ಯೂಟರ್ ಇಡುವುದಕ್ಕೆ ಆ ಕೋಣೆಯಲ್ಲಿ ಬೇರೆ ಜಾಗವಿಲ್ಲ. ಅವನನ್ನು ಹೊರಳಿಸಲು ಮಂಚದ ಒಂದು ಬದಿಗೆ ಅವ್ವ, ಇನ್ನೊಂದು ಬದಿಗೆ ನಾನು ನಿಲ್ಲಬೇಕು. ಮೇಜು ಹಾಕಿದರೆ ಒಬ್ಬರಿಗೆ ನಿಲ್ಲಲಾಗುವುದಿಲ್ಲ. ಮಂಚದ ಕೆಳಗೆ ಅವನ ಬೇಸಿನ್ನು, ದಿನಕ್ಕೆರಡು ಸಲ ತೊಳೆಯುವ ನೆಲ. ಟಿ.ವಿ.ಯಂಥ ಪರದೆಯನ್ನು ಕಾಲದೆಸೆಯ ಹಲಗೆಯ ಮೇಲೆ ಇಡಬಹುದು. ಯಂತ್ರವಿರುವ ಡಬ್ಬ ಮಾತ್ರ ಗೂಡಿನಲ್ಲೇ ಕೂರಬೇಕು.

"ದೀಪ ಎಲ್ಲಿಡುತ್ತೀಯವ್ವ?" ಎಂದು ಕೇಳಿದೆ.

"ದೀಪಕ್ಕೆ ಅಂಗೈ ಅಗಲ ಜಾಗ ಸಾಕು ಕಣೇ. ಹೊಸ್ತಿಲ ಮ್ಯಾಲೂ ಉರೀತದೆ," ಎಂದಳು.

ಆಗಸ್ಟ್‌ನಲ್ಲಿ ಬೆಂಗಳೂರಿನ ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆದಿರಲಿಲ್ಲ. ಈಗ ಬರೆದಿಡುತ್ತೇನೆ. ರಂಗನಿಗೆ ಇಪ್ಪತ್ತಮೂರು, ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು. ಹತ್ತನೇ ವಯಸ್ಸಿನಲ್ಲಿ ಕಾಲು ಸೋತವು, ಆಮೇಲೆ ತೋಳು. ಈ ಕಾಯಿಲೆಯಲ್ಲಿ ಬೆರಳು ಎಲ್ಲಕ್ಕಿಂತ ಕೊನೆಗೆ ಹೋಗುತ್ತವೆ ಎಂದರು. "ಎಷ್ಟು ದಿನ ಸಾರ್?" ಎಂದು ಕೇಳಿದವನು ರಂಗನೇ. ಡಾಕ್ಟರು ಅವನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಇರೋವರೆಗೂ ಚೆನ್ನಾಗಿ ಬಳಸ್ಕೊಳಪ್ಪ," ಎಂದರು.

ತಿಪಟೂರಿಗೆ ವಾಪಸು ಬರುವ ರೈಲಿನಲ್ಲಿ ಅವನು ಕಂಪ್ಯೂಟರಿನ ಮಾತು ತೆಗೆದ. ಎರಡು ವರ್ಷದ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುವ ಇಜಾಜ್‌ನ ಅಂಗಡಿಯಲ್ಲಿ ಒಂದು ಆಟ ನೋಡಿದ್ದನಂತೆ. ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸಬೇಕು. ರಸ್ತೆಯ ತುದಿಯಲ್ಲಿ ಒಂದು ಕೆರೆ. ಬೆರಳು ಆಡುತ್ತಿರುವಾಗಲೇ ಒಂದು ಸಲ ಆ ಕೆರೆ ಮುಟ್ಟಬೇಕು. ಬೇರೇನೂ ಕೇಳಲಿಲ್ಲ.

ಅದಕ್ಕೆ ಬೇಕಾದ ಹತ್ತು ಭಾಗಗಳ ಪಟ್ಟಿ ಇವತ್ತು ಕೊಟ್ಟ. ಅವನದೇ ಕೈಬರಹ, ನೀಲಿ ಶಾಯಿ. ಹತ್ತನೆಯದು ಕೀಬೋರ್ಡ್. ಅದರ ಎದುರಿಗೆ ಹೀಗಿದೆ: "ಐದು ರೂಪಾಯಿಯ ಆರು ನಾಣ್ಯ ಮೇಲಿಟ್ಟರೆ ಕೀ ಕೆಳಗೆ ಹೋಗಬೇಕು." ಸ್ಪಷ್ಟವಾದ ಷರತ್ತು. ನನಗೆ ಹಿಡಿಸಿತು.

೯ ಸೆಪ್ಟೆಂಬರ್, ಎರಡನೇ ಶನಿವಾರ

ಕಚೇರಿಗೆ ರಜೆ. ತಿಪಟೂರಿಗೆ ಹೋಗಿದ್ದೆ. ಇಜಾಜ್‌ನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಮುಂದಿನ ಅರ್ಧದಲ್ಲಿ ಅವನ ತಂದೆ ನಿಜಾಮುದ್ದೀನ್ ಸಾಹೇಬರು ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾರೆ. ಹಿಂದಿನ ಅರ್ಧದಲ್ಲಿ ಇವನ ಕಂಪ್ಯೂಟರ್ ರಿಪೇರಿ.

ಪಟ್ಟಿ ಓದಿ ಇಜಾಜ್ ನಕ್ಕ. "ಏನಕ್ಕ ಇದು? ಟ್ರ್ಯಾಕ್ಟರ್ ಇಂಜಿನ್ ತಗೊಂಡೋಗಿ ಲೂನಾದಲ್ಲಿ ಕೂರ್ಸು ಅಂತಾವ್ನಲ್ಲ ನಿಮ್ ತಮ್ಮ!"

ವಿಷಯ ಇಷ್ಟು. ಆ ಆಟಕ್ಕೆ ಜೋರಾದ ಪ್ರೊಸೆಸರ್ ಬೇಕು, ಚಿತ್ರ ಮೂಡಿಸಲು ಜೋರಾದ ಗ್ರಾಫಿಕ್ಸ್ ಕಾರ್ಡ್ ಬೇಕು. ಎರಡೂ ಕಾಯುತ್ತವೆ. ಬಿಸಿ ಹೊರಗೆ ಹೋಗಬೇಕಾದರೆ ಡಬ್ಬ ದೊಡ್ಡದಿರಬೇಕು. ಚಿಕ್ಕ ಡಬ್ಬದಲ್ಲಿ ಗಿಡ್ಡ ಕಾರ್ಡ್ ಮಾತ್ರ ಹಿಡಿಯುತ್ತದೆ, ಗಿಡ್ಡ ಕಾರ್ಡ್‌ಗಳಲ್ಲಿ ಶಕ್ತಿ ಕಡಿಮೆ. ಗಿಡ್ಡವೂ ಜೋರೂ ಆದದ್ದು ಈಗ ಮಾರುಕಟ್ಟೆಯಲ್ಲಿ ಒಂದೇ ಒಂದಿದೆ. ರಂಗ ಅದನ್ನೇ ಬರೆದಿದ್ದಾನೆ. ಅವನು ಹಳೇ ಕಂಪ್ಯೂಟರ್ ಪತ್ರಿಕೆಗಳನ್ನು ಓದಿದ್ದು ವ್ಯರ್ಥವಾಗಿಲ್ಲ.

"ಸ್ವಲ್ಪ ಹಿಂದೆಮುಂದೆ ಮಾಡ್ಕೊಂಡ್ರೆ ಮುಂದಿನ್ ವಾರನೇ ಕಟ್ಕೊಡ್ತೀನಕ್ಕ," ಎಂದ ಇಜಾಜ್.

"ಹಿಂದೆಮುಂದೆ ಬೇಡ. ಪಟ್ಟಿಯಲ್ಲಿರುವಂತೆಯೇ ಇರಲಿ."

"ಬೇಟಿ ಸರಿಯಾಗೇ ಹೇಳ್ತಾ ಅವ್ಳೆ," ಎಂದರು ಸಾಹೇಬರು ತಂತಿ ಸುತ್ತುತ್ತಲೇ. "ನೀನು ಒಂದ್ ಸ್ಕ್ರೂ ಕಮ್ಮಿ ಹಾಕೋನು."

೧೭ ಸೆಪ್ಟೆಂಬರ್, ಭಾನುವಾರ

ಗ್ರಂಥಾಲಯದಿಂದ ತಂದ ರಷ್ಯನ್ ಕಾದಂಬರಿಯ ಅನುವಾದದಲ್ಲಿ ೧೬೧ರಿಂದ ೧೭೬ರವರೆಗೆ ಪುಟಗಳಿಲ್ಲ. ಹೊಲಿಯುವಾಗಲೇ ಬಿಟ್ಟುಹೋಗಿವೆ. ಓದು ನಿಲ್ಲಿಸಿದೆ. ಪೂರ್ತಿ ಪ್ರತಿ ಸಿಕ್ಕ ಮೇಲೆ ಮುಂದುವರಿಸುತ್ತೇನೆ.

"ಮುಂದಕ್ಕೆ ಓದಕ್ಕ," ಎಂದ ರಂಗ. "ಯಾರು ಸತ್ರು, ಯಾರು ಉಳುದ್ರು ಅಂತ ನೂರೆಪ್ಪತ್ತೇಳನೇ ಪುಟದಲ್ಲಿ ಗೊತ್ತಾಯ್ತದೆ."

"ಅದು ಓದುವುದಲ್ಲ."

"ನಿಂದು ಕಚೇರಿ ಬುದ್ಧಿ ಕಣಕ್ಕ."

ಇರಬಹುದು. ತುರುವೇಕೆರೆ ನೋಂದಣಿ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ನನ್ನ ಕೆಲಸ ಅದೇ. ಪತ್ರದ ನಕಲನ್ನು ಅಸಲಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ, "ಅಸಲಿನೊಂದಿಗೆ ಹೋಲಿಸಿದೆ, ಸರಿಯಿದೆ" ಎಂದು ಸಹಿ ಮಾಡುವುದು. ಜಮೀನಿನ ಎಲ್ಲೆ ಹೇಳುವ ಚೆಕ್ಕುಬಂದಿಯಲ್ಲಿ ಒಂದು ಪೂರ್ವ ಪಶ್ಚಿಮವಾದರೆ ಎರಡು ಮನೆಗಳು ಇಪ್ಪತ್ತು ವರ್ಷ ಮಾತು ಬಿಡುತ್ತವೆ.

ಅಷ್ಟು ಜೋರಾದ ಯಂತ್ರವೇ ಏಕೆ ಬೇಕು, ಆಟ ನಿಧಾನವಾಗಿ ನಡೆದರೆ ಏನು ಎಂದು ಕೇಳಿದೆ.

"ಕಮ್ಮಿ ಯಂತ್ರದಲ್ಲಿ ಚಿತ್ರ ತಡವರ್ಸ್ತದೆ. ನಾನು ಒತ್ತಿದ್ದು ಒಂದ್ ಗಳಿಗೆ ಬಿಟ್ಟು ಅದ್ಕೆ ಗೊತ್ತಾಯ್ತದೆ. ನನ್ ಬೆರಳೇ ತಡ. ಯಂತ್ರನೂ ತಡ ಆದ್ರೆ ಕಾರು ಹಳ್ಳಕ್ಕೆ."



೧೪ ಅಕ್ಟೋಬರ್, ಎರಡನೇ ಶನಿವಾರ

ಬೆಂಗಳೂರಿಗೆ ಹೋಗಿ ಬಂದೆ. ಜೊತೆಗೆ ಇಜಾಜ್. ಬೆಳಗಿನ ರೈಲು, ಸಂಜೆಯ ರೈಲು.

ಎಸ್.ಪಿ. ರಸ್ತೆ. ಒಂದು ಅಂಗಡಿಯ ಬಾಗಿಲಿನಿಂದ ಇನ್ನೊಂದು ಅಂಗಡಿಯ ಬಾಗಿಲಿಗೆ ತೋಳಿನಷ್ಟು ದೂರ. ಮೆಟ್ಟಿಲ ಕೆಳಗೂ ಅಂಗಡಿ. ಪಟ್ಟಿಯನ್ನು ರಟ್ಟಿಗೆ ಅಂಟಿಸಿಕೊಂಡು ಹೋಗಿದ್ದೆ, ಸಿಕ್ಕಿದ್ದಕ್ಕೆ ಒಂದೊಂದೇ ಗುರುತು ಹಾಕಿದೆ. ಪ್ರೊಸೆಸರ್ ಸಿಕ್ಕಿತು. ಬೆಂಕಿಪೊಟ್ಟಣದಷ್ಟೂ ಇಲ್ಲ, ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಚಿಕ್ಕ ಮದರ್‌ಬೋರ್ಡ್ ಸಿಕ್ಕಿತು. ಮೆಮೊರಿಯ ಎರಡು ತುಂಡು, ಹಾರ್ಡ್ ಡಿಸ್ಕ್. ಕರೆಂಟು ಕೊಡುವ ಎಸ್‌ಎಂಪಿಎಸ್ಸು ನಾಲ್ಕನೇ ಅಂಗಡಿಯಲ್ಲಿ. ಅದನ್ನು ತಿರುಗಿಸಿ ಅದರ ಬೆನ್ನಿನ ಮೇಲಿನ ಅಂಕಿಗಳನ್ನು ಪಟ್ಟಿಯ ಜೊತೆ ಹೋಲಿಸಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ. ಅಂಗಡಿಯವನು, "ಮೇಡಂ ಇನ್‌ಕಮ್‌ಟ್ಯಾಕ್ಸಾ?" ಎಂದು ಇಜಾಜ್‌ನನ್ನು ಕೇಳಿದ.

ಡಬ್ಬ ಮಾತ್ರ ಸಿಗಲಿಲ್ಲ. ಪಟ್ಟಿಯಲ್ಲಿದ್ದದ್ದು ಎಂಟೂವರೆ ಇಂಚು ಅಗಲದ್ದು. ಅಲ್ಲಿದ್ದದ್ದು ಒಂಬತ್ತೂವರೆ. ಗೂಡು ಒಂಬತ್ತು. ಅರ್ಧ ಇಂಚು ಹೆಚ್ಚು.

"ಅರ್ಧ ಇಂಚು ಕಣಕ್ಕ! ತಗೊಳಿ, ಊರಲ್ಲಿ ಏನಾದ್ರೂ ಮಾಡನ," ಎಂದ ಇಜಾಜ್.

"ಹಿಡಿಯದ ಡಬ್ಬ ತೆಗೆದುಕೊಂಡು ಹೋಗಿ ಏನು ಮಾಡುವುದು?"

ಸರಿಯಾದದ್ದನ್ನು ತರಿಸಿಕೊಡಲು ಮೂರು ವಾರ ಎಂದರು. ಕಾರ್ಡೂ ಆಗಲೇ ಬರುತ್ತದಂತೆ. ಆಗಲಿ ಎಂದು ಒಪ್ಪಿ ಬಂದೆ. 

ಮನೆಗೆ ಬಂದು ರಂಗನಿಗೆ ಎಲ್ಲವನ್ನೂ ಹೇಳಿದೆ. ಒಂದೊಂದನ್ನೂ ಪೊಟ್ಟಣ ಬಿಚ್ಚಿ ಅವನ ಎದೆಯ ಮೇಲಿಟ್ಟು ತೋರಿಸಿದೆ. ಒಂಬತ್ತೂವರೆಯ ಡಬ್ಬವನ್ನು ಏಕೆ ಬಿಟ್ಟೆ ಎಂಬುದನ್ನು ಅಳತೆಪಟ್ಟಿ ಹಿಡಿದು ಗೂಡಿನ ಮುಂದೆ ನಿಂತು ವಿವರಿಸಿದೆ. ಒಳ್ಳೆಯ ದಿನ.

೧೫ ಅಕ್ಟೋಬರ್, ಭಾನುವಾರ

ರಂಗ ಪಟ್ಟಿಯನ್ನು ತಿದ್ದಬೇಕೆಂದ. ಪೆನ್ಸಿಲಿನಲ್ಲಿ ಬರೆದ. ಗೆರೆ ಕಾಗದಕ್ಕೆ ತಾಗಿದೆಯೋ ಇಲ್ಲವೋ ಎನ್ನುವಷ್ಟು ತೆಳು, ಓದಲಾಗಲಿಲ್ಲ. ನೀನು ಹೇಳು, ನಾನು ಬರೆಯುತ್ತೇನೆ ಎಂದೆ. ತಿದ್ದುಪಡಿ ಒಂದೇ. ಕೀಬೋರ್ಡ್: ಆರು ನಾಣ್ಯವಲ್ಲ, ನಾಲ್ಕು.

೨೧ ಅಕ್ಟೋಬರ್, ಶನಿವಾರ, ದೀಪಾವಳಿ

ಗಿಡ್ಡಯ್ಯ ಬಂದಿದ್ದ. ನಮ್ಮ ಮರಗಳಿಗೆ ಹತ್ತುವವನು, ಅಟ್ಟದ ಮೇಲಿನ ಕಾಯಿಗಳನ್ನೂ ಅವನೇ ನೋಡಿಕೊಳ್ಳುತ್ತಾನೆ. ವರ್ಷದ ಹತ್ತಿರ ಅಟ್ಟದಲ್ಲಿದ್ದ ಕಾಯಿ ಕೊಬ್ಬರಿಯಾಗಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಅವನ ಕ್ರಮ. ನೀರಿದ್ದರೆ ಕುಲುಕುತ್ತದೆ. ಒಣಗಿದ್ದರೆ ಚಿಪ್ಪಿನೊಳಗೆ ಕೊಬ್ಬರಿಯ ಗಿಟಕು ಲೊಟಲೊಟ ಎನ್ನುತ್ತದೆ. ಅಟ್ಟ ರಂಗನ ಕೋಣೆಯ ಮೇಲೇ ಇರುವುದರಿಂದ ಇವರಿಬ್ಬರದೂ ಹಳೆಯ ಆಟವೊಂದಿದೆ.

"ಏಯ್ ರಂಗಪ್ಪ, ಇದ್ಯಾವ್ದು ಹೇಳು ನೋಡನ!"

"ನೀರು."

"ಇದು?"

"ಗಿಟಕು. ಆದ್ರೆ ಒಂದ್ ಮಗ್ಗುಲು ಅಂಟ್ಕಂಡೈತೆ."

ಗಿಡ್ಡಯ್ಯ ಇಳಿದು ಬಂದು ಅವನ ಎದುರಿಗೇ ಒಡೆದ. ಒಂದು ಕಡೆ ಅಂಟಿಕೊಂಡೇ ಇತ್ತು. "ಥೂ ನಿನ್ನ! ನಲವತ್ ವರ್ಸದಿಂದ ಅಲ್ಲಾಡುಸ್ತಾ ಇವ್ನಿ, ನಂಗೇ ಗೊತ್ತಾಗ್ನಿಲ್ವಲ್ಲೋ. ನೀನು ಎದ್ ಓಡಾಡಂಗಿದ್ದಿದ್ರೆ ನನ್ ಅನ್ನಕ್ಕೇ ಮಣ್ಣಾಕ್ತಿದ್ದೆ ಕಣ್ಲಾ."

ರಂಗ ನಕ್ಕ. ಅವನೊಡನೆ ಹಾಗೆ ಮಾತಾಡುವವನು ಗಿಡ್ಡಯ್ಯ ಒಬ್ಬನೇ.

ಗೂಡು ಖಾಲಿಯಿರುವುದನ್ನು ನೋಡಿ ಏನೆಂದು ವಿಚಾರಿಸಿದ. ಅರ್ಧ ಇಂಚಿನ ವಿಷಯ ಹೇಳಿದೆ. "ಅಷ್ಟಕ್ಕ್ಯಾಕ್ರವ್ವ ಕಾಯೋದು? ಗ್ವಾಡೆ ಮಣ್ಣಿಂದಲ್ವಾ?" ಎಂದ. ಸರಿಯಾದ ಅಳತೆಯದು ಬರುತ್ತಿದೆ, ಗೋಡೆ ಕೆಡಿಸುವ ಅಗತ್ಯವಿಲ್ಲ ಎಂದೆ.

ಅವ್ವ ದೀಪವನ್ನು ಹೊಸ್ತಿಲ ಮೇಲಿಟ್ಟಳು. ಗಾಳಿಗೆ ಎರಡು ಸಲ ಆರಿತು.

೧೧ ನವೆಂಬರ್, ಎರಡನೇ ಶನಿವಾರ

ಡಬ್ಬ ಬಂದಿಲ್ಲ. ಇನ್ನೂ ಎರಡು ವಾರವಂತೆ. ಕಾರ್ಡೂ ಬಂದಿಲ್ಲ. ಅದರ ಬದಲು ಸ್ವಲ್ಪ ಕಡಿಮೆ ಶಕ್ತಿಯ ಗಿಡ್ಡ ಕಾರ್ಡೊಂದನ್ನು ಇಜಾಜ್ ತರಿಸಿಟ್ಟಿದ್ದ. ಅದರಲ್ಲೂ ಆಟ ನಡೆಯುತ್ತದೆ, ಮರಗಳ ಎಲೆ ಅಷ್ಟು ನುಣುಪಾಗಿ ಕಾಣುವುದಿಲ್ಲ, ಸಾಲದಾದರೆ ಮುಂದೆ ಬದಲಾಯಿಸೋಣ ಎಂದ. ಬೇಡ ಎಂದೆ.

"ಅಕ್ಕ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇದನ್ನ ಯಾರಿಗೋಸ್ಕರ ಕಟ್ಟಿಸ್ತಾ ಇದೀರ? ರಂಗನಿಗಾ, ಪಟ್ಟಿಗಾ?"

ಪಟ್ಟಿಯ ರಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. 

ಆಮೇಲೆ ಪೇಟೆಯ ಮೂರು ಅಂಗಡಿಗಳಲ್ಲಿ ಕೀಬೋರ್ಡ್‌ಗಳನ್ನು ನಾಣ್ಯವಿಟ್ಟು ನೋಡಿದೆ. ಒಂದೂ ಆಗಲಿಲ್ಲ. ವಾಪಸು ಬಂದು, ಎರಡೇ ನಾಣ್ಯಕ್ಕೆ ಕೆಳಗೆ ಹೋಗುವ ಕೀ ಸಿಗುತ್ತಿಲ್ಲವಲ್ಲ ಎಂದೆ.

"ಎರಡಾ? ನಾಲ್ಕು ಅಂದಿದ್ರಿ."

"ಹೋದ ಭಾನುವಾರ ತಿದ್ದಿಸಿದ."

ಇಜಾಜ್ ನನ್ನನ್ನೇ ನೋಡಿದ. ಟೀ ಬಂದಿತ್ತು, ಕುಡಿಯಲಿಲ್ಲ. ಕೀಗಳ ಕೆಳಗಿರುವ ರಬ್ಬರನ್ನು ಬ್ಲೇಡಿನಿಂದ ಕೊರೆದು ಹಗುರ ಮಾಡಿಕೊಡುತ್ತೇನೆ, ಇವತ್ತೇ ಕೂರುತ್ತೇನೆ ಎಂದ. ಸಾಹೇಬರು ತಂತಿ ಸುತ್ತುವುದನ್ನು ನಿಲ್ಲಿಸಿ, "ಯಾ ಅಲ್ಲಾ," ಎಂದರು. ಯಾಕೆಂದು ತಿಳಿಯಲಿಲ್ಲ.

೧೯ ನವೆಂಬರ್, ಭಾನುವಾರ

ಕೆಲವು ದಿನದಿಂದ ರಂಗನಿಗೆ ಅವ್ವ ತಿನ್ನಿಸುತ್ತಿದ್ದಾಳೆ. ಹಾಗಾದರೆ ಬೇಗ ಮುಗಿಯುತ್ತದೆ ಎಂದು ಇಬ್ಬರೂ ಹೇಳಿದರು.

ರಷ್ಯನ್ ಕಾದಂಬರಿಯ ಬೇರೆ ಪ್ರತಿ ತುಮಕೂರಿನಲ್ಲೂ ಇಲ್ಲವಂತೆ.

೩ ಡಿಸೆಂಬರ್, ಭಾನುವಾರ

ಡಬ್ಬವೂ ಕಾರ್ಡೂ ಗುರುವಾರ ಬಂದವು. ಶುಕ್ರವಾರ, ಶನಿವಾರ ಎರಡು ದಿನ ಇಜಾಜ್ ಅಂಗಡಿ ಮುಚ್ಚಿಕೊಂಡು ಕೂತು ಕಟ್ಟಿದ. ಹತ್ತಕ್ಕೆ ಹತ್ತೂ ಪಟ್ಟಿಯಂತೆಯೇ. ಇವತ್ತು ಪರದೆಯನ್ನು ಅವನು, ಡಬ್ಬವನ್ನು ನಾನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದಬ್ಬೇಘಟ್ಟದ ನಮ್ಮ ಮನೆಗೆ ತಂದೆವು. ಹಾಲಿನ ಕ್ಯಾನಿನಷ್ಟು ಭಾರ. ಕಂಡಕ್ಟರ್ ಒಳಗೆ ಏನಿದೆ ಎಂದ. ಕಾರು ಎಂದ ಇಜಾಜ್.

ಡಬ್ಬ ಗೂಡಿಗೆ ಹಿಡಿಯಲಿಲ್ಲ.

ನಾನು ಅಳೆದದ್ದು ಗೂಡಿನ ಬಾಯಿಯನ್ನು. ಅಲ್ಲಿ ಒಂಬತ್ತು ಇಂಚು ಸರಿಯಾಗಿಯೇ ಇದೆ. ಒಳಗೆ ಹೋದಂತೆ ಗೋಡೆ ಒಳಮುಖವಾಗಿ ಇಳಿದಿದೆ, ಹಿಂಬದಿಯಲ್ಲಿ ಎಂಟೂ ಇಲ್ಲ. ಯಾರೋ ಕೈಯಲ್ಲಿ ಮಣ್ಣು ಮೆತ್ತಿ ಮಾಡಿದ ಗೂಡು. ಅದಕ್ಕೆ ಮೂಲೆಯೂ ಇಲ್ಲ, ಗೆರೆಯೂ ಇಲ್ಲ. ಮೂವತ್ತೆಂಟು ವರ್ಷದಿಂದ ನೋಡುತ್ತಿದ್ದೇನೆ.

ಅಳತೆಪಟ್ಟಿ ಹಿಡಿದು ನಿಂತೇ ಇದ್ದೆ. ಅವ್ವ ಒಳಗಿನಿಂದ ಮಚ್ಚು ತಂದಳು. "ಅತ್ಲಾಗ್ ಸರ್ಕೊ," ಎಂದಳು. ಗೂಡಿಗೆ ನೀರು ಚಿಮುಕಿಸಿದಳು, ಮಚ್ಚಿನ ಮೂಗಿನಿಂದ ಎರಡೂ ಮಗ್ಗುಲು ಕೆರೆದಳು. ಮಣ್ಣು ರಾಗಿಹಿಟ್ಟಿನ ಹಾಗೆ ಉದುರಿತು. ಮೊರದಲ್ಲಿ ಹಿಡಿದು ಹೊರಗೆ ಚೆಲ್ಲಿ ಬಂದಳು. ಹತ್ತು ನಿಮಿಷವಾಗಿರಬೇಕು. ಒಂಬತ್ತೂವರೆಯೂ ಹಿಡಿಯುವಷ್ಟು ಅಗಲವಾಯಿತು.

ಇಜಾಜ್ ನನ್ನ ಕಡೆ ನೋಡಲಿಲ್ಲ. ಅದು ಅವನ ದೊಡ್ಡತನ.

ಆಮೇಲೆ ಕರೆಂಟು ಹೋಯಿತು. ನಾಳೆ.

೪ ಡಿಸೆಂಬರ್, ಸೋಮವಾರ

ರಜೆ ಹಾಕಿದೆ. ಹನ್ನೊಂದು ಗಂಟೆಗೆ ಕರೆಂಟು ಬಂತು. ಯಂತ್ರ ಚಾಲೂ ಆಯಿತು, ಫ್ಯಾನಿನ ಸದ್ದು ಸಣ್ಣಗೆ, ಪರದೆಯ ಮೇಲೆ ಬೆಟ್ಟ, ಮಂಜು, ರಸ್ತೆ. ಎಲೆಗಳು ಒಂದೊಂದೂ ಬೇರೆಬೇರೆಯಾಗಿ ಕಾಣುತ್ತವೆ. ಎಲ್ಲೂ ತಡವರಿಸುವುದಿಲ್ಲ.

ಅವನ ಕೈಯನ್ನೆತ್ತಿ ಕೀಬೋರ್ಡಿನ ಮೇಲಿಟ್ಟೆ. ಇಜಾಜ್ ಎಷ್ಟು ಕೊರೆದಿದ್ದನೆಂದರೆ ಕೀ ಇಳಿಯಲು ಬೆರಳಿನ ಭಾರವೇ ಸಾಕು. ಇಳಿಯಿತು. ಕಾರು ಬಲಕ್ಕೆ ತಿರುಗಿತು. ಬೆರಳನ್ನು ಎತ್ತಲು ಅವನಿಗೆ ಆಗಲಿಲ್ಲ. ಕಾರು ಬಲಕ್ಕೇ ತಿರುಗುತ್ತ ಇದ್ದಲ್ಲೇ ಸುತ್ತು ಹಾಕಿತು. ಬಹಳ ಹೊತ್ತು ಸುತ್ತಿತು. ನಾನು ಅವನ ಬೆರಳನ್ನು ಎತ್ತಿದೆ.

"ನಾಳೆ ನೋಡನ," ಎಂದ.

೫ ಡಿಸೆಂಬರ್, ಮಂಗಳವಾರ

ಇಲ್ಲ.

೧೦ ಡಿಸೆಂಬರ್, ಭಾನುವಾರ

ಲೆಕ್ಕ ಹಾಕಿದೆ. ಒಂಬತ್ತೂವರೆಯ ಡಬ್ಬ ಬಿಟ್ಟು ಬಂದ ಅಕ್ಟೋಬರ್ ಹದಿನಾಲ್ಕರಿಂದ ಡಿಸೆಂಬರ್ ಮೂರಕ್ಕೆ ಐವತ್ತು ದಿನ. ಈ ದಿನಚರಿಯನ್ನೇ ಮೊದಲಿನಿಂದ ಓದಿದೆ. ಆರು ನಾಣ್ಯ, ನಾಲ್ಕು, ಎರಡು. ಮೂರನ್ನೂ ನಾನೇ ನನ್ನ ಕೈಯಾರೆ ಬರೆದುಕೊಂಡಿದ್ದೇನೆ.

ಅವ್ವ ಕೆರೆಯ ಕಡೆ ಹೋಗಿದ್ದಳು. ರಂಗನನ್ನು ಕೇಳಿದೆ.

"ಯಾವಾಗ ಹೋಯಿತು?"

"ದೀಪಾವ್ಳಿಗೆ ಗಿಡ್ಡಣ್ಣ ಬಂದಿದ್ನಲ್ಲ, ಆವತ್ತು ತೋರುಬೆರಳು ಆಡ್ತಿತ್ತು. ಆಮ್ಯಾಲೆ ಒಂದೆರಡ್ ವಾರ."

"ಬೇಗ ತಾ ಅಂತ ಒಂದು ಮಾತು ಹೇಳಬಾರದಾಗಿತ್ತಾ?"



"ಬೆಂಗಳೂರಿಂದ ಬಂದ್ ದಿನ ಆ ಡಬ್ಬ ಯಾಕ್ ಬ್ಯಾಡ ಅಂದೆ ಅಂತ ಮುಕ್ಕಾಲು ಗಂಟೆ ಹೇಳ್ದೆ ಕಣಕ್ಕ. ಕೈ ಆಡುಸ್ಕಂಡು, ಟೇಪು ಹಿಡ್ಕಂಡು. ನೀನು ಅಷ್ಟೊತ್ತು ಮಾತಾಡಿದ್ದು ನಾನು ಹುಟ್ದಾಗಿಂದ ಕಂಡಿಲ್ಲ. ನಿಂಗೊಂದು ಆಟ ಸಿಕ್ಕಿತ್ತು. ಕಿತ್ಕಳಕ್ಕೆ ಮನಸಾಗ್ನಿಲ್ಲ. ಬುಡು."

ಹೊರಗೆ ಹೋಗಿ ನೀರು ಸೇದಿದೆ. ತುಂಬಿದ್ದ ತೊಟ್ಟಿಗೇ ಸುರಿದೆನೆಂದು ಕಾಣುತ್ತದೆ, ಸೆರಗೆಲ್ಲ ನೆನೆದಿತ್ತು.

೨೬ ಡಿಸೆಂಬರ್

ಯಂತ್ರದ ಮೇಲೆ ಬಟ್ಟೆ ಮುಚ್ಚಿದ್ದೇವೆ. ಅಟ್ಟದಿಂದ ನಾರಿನ ಧೂಳು ಬೀಳುತ್ತದೆ.

ದೀಪವನ್ನು ಮತ್ತೆ ಗೂಡಿನಲ್ಲೇ ಇಡು, ಇದನ್ನು ಇಜಾಜ್‌ಗೆ ಕೊಟ್ಟುಬಿಡೋಣ ಎಂದೆ. ಅವ್ವ ಕೇಳಿಸಲಿಲ್ಲವೆಂಬಂತೆ ಅವನ ಬೆನ್ನು ಒರೆಸುತ್ತಿದ್ದಳು. ಆಮೇಲೆ ಹೇಳಿದಳು: "ಅವ್ನು ಅದುನ್ನ ನೋಡ್ತಾ ಮಲಗ್ತಾನೆ. ಇರ್ಲಿ."

ಜನವರಿ ೭, ಭಾನುವಾರ

ರಂಗನೇ ಹೇಳಿದ. "ಅಕ್ಕ, ನೀನು ಓಡ್ಸು. ನಾನು ಹೇಳ್ತೀನಿ."

ನನಗೆ ಸೈಕಲ್ ಕೂಡ ಬರುವುದಿಲ್ಲ. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡೆ. ಕೀಗಳು ಎಷ್ಟು ಹಗುರವೆಂದರೆ ಸೆರಗು ತಾಗಿದರೂ ಕಾರು ಹೊರಟುಬಿಡುತ್ತದೆ.

"ಎಡಕ್ಕೆ. ಎಡಕ್ಕೆ ಕಣಕ್ಕ! ಅದು ಬಲ."

"ನೀನು ಹೇಳಿದ ಮೇಲೆ ತಾನೇ ಒತ್ತಬೇಕು?"

"ನಾನು ಹೇಳೋದ್ರೊಳ್ಗೆ ತಿರುವು ಬಂದ್ಬುಡ್ತದೆ. ಅರ್ಧ ಹೇಳ್ದಾಗ್ಲೇ ಒತ್ತು."

"ಅರ್ಧಕ್ಕೆ ಹೇಗೆ ಗೊತ್ತಾಗಬೇಕು?"

"ಊಹೆ ಮಾಡು!"

ಏಳು ಸಲ ಹಳ್ಳಕ್ಕೆ ಬಿದ್ದೆವು. ಏಳೋ ಎಂಟೋ. ಅವ್ವ ಬಾಗಿಲಲ್ಲಿ ನಿಂತು, "ಇವಳ್ನ ಬಸ್ಸಿಗೆ ಡ್ರೈವರ್ ಮಾಡಿದ್ರೆ ತುರುವೇಕೆರೆಗೆ ಒಬ್ರೂ ಮುಟ್ತಿರ್ನಿಲ್ಲ," ಎಂದಳು. ರಂಗನಿಗೆ ನಗು ಬಂದು ಕೆಮ್ಮು ಹತ್ತಿತು. ಕೂರಿಸಿ ಬೆನ್ನು ತಟ್ಟಬೇಕಾಯಿತು.

ಸಂಕ್ರಾಂತಿಯಾಗಿ ಮೂರೋ ನಾಲ್ಕೋ ದಿನ

ಮಧ್ಯಾಹ್ನ ಕರೆಂಟು ಇರುವುದರಿಂದ ಅರ್ಧ ದಿನದ ರಜೆಗಳನ್ನೆಲ್ಲ ಹಾಕುತ್ತಿದ್ದೇನೆ. ರಸ್ತೆಯಲ್ಲಿ ಒಂದು ಸೇತುವೆ ಇದೆ, ಅದರಾಚೆ ಪೈನ್ ಮರಗಳ ಸಾಲು, ಅಲ್ಲಿಂದ ಒಂದು ಇಳಿಜಾರು. ನಿನ್ನೆ ಇಳಿಜಾರಿನವರೆಗೆ ಹೋದೆವು. ಮರಗಳ ನಡುವೆ ದೂರದಲ್ಲಿ ನೀರು ಹೊಳೆಯಿತು.

"ಕಂಡ್ತಾ?" ಎಂದ.

"ಕಂಡಿತು."

ಕಣ್ಣು ನೀರಿನ ಕಡೆ ಹೋಗಿ ಕಾರು ಮರಕ್ಕೆ ಹೊಡೆಯಿತು.

ಯಂತ್ರ ನಿಲ್ಲಿಸಿದ ಮೇಲೂ ಗೂಡು ಬಹಳ ಹೊತ್ತು ಬೆಚ್ಚಗಿರುತ್ತದೆ. ಅವನಿಗೆ ಈಚೆಗೆ ಚಳಿ. ಹಾಸಿಗೆಯನ್ನು ಗೂಡಿನ ಕಡೆಗೆ ಒಂದು ಗೇಣು ಸರಿಸಿದ್ದೇವೆ. ಗೇಣೋ, ಸ್ವಲ್ಪ ಹೆಚ್ಚೋ.

ಸಂಜೆ ರಷ್ಯನ್ ಕಾದಂಬರಿಯನ್ನು ಅವನಿಗೆ ಓದಿ ಹೇಳುತ್ತಿದ್ದೇನೆ. ನೂರ ತೊಂಬತ್ತನೆಯ ಪುಟದ ಆಸುಪಾಸಿನಲ್ಲಿದ್ದೇವೆ.

ಜನವರಿ ಕೊನೆ, ಭಾನುವಾರ

ಎದೆಯಲ್ಲಿ ಕಫ ಕಟ್ಟಿದೆ. ತುರುವೇಕೆರೆಯ ಡಾಕ್ಟರು ಮನೆಗೇ ಬಂದು ನೋಡಿದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ, ಗಂಟಲಿಗೆ ನಳಿಕೆ ಹಾಕುತ್ತಾರೆ ಎಂದರು. ರಂಗ ಬೇಡವೆಂದು ಕಣ್ಣು ಮುಚ್ಚಿದ. ಅವ್ವ ಡಾಕ್ಟರಿಗೆ, "ಅವನ ಇಷ್ಟ ಕಣ್ ಸ್ವಾಮಿ. ಎಲ್ಲ ಬೇರೇರು ಮಾಡಿರದೇ ಆಯ್ತು ಅವ್ನಿಗೆ, ಇದೊಂದು ಅವನ್ದು," ಎಂದಳು.

ಒಂದು ಮಾತಿಗೆ ಒಂದು ಉಸಿರು ಬೇಕು. ಎಡಕ್ಕೆ ಎನ್ನಲು ಎಡಗಣ್ಣು, ಬಲಕ್ಕೆ ಎನ್ನಲು ಬಲಗಣ್ಣು ಮಿಟುಕಿಸುವುದು ಎಂದು ಮಾಡಿಕೊಂಡಿದ್ದೇವೆ. ಅವನ ಮುಖ ನೋಡಿದರೆ ರಸ್ತೆ ತಪ್ಪುತ್ತದೆ, ರಸ್ತೆ ನೋಡಿದರೆ ಅವನ ಮುಖ ತಪ್ಪುತ್ತದೆ. ಇಜಾಜ್ ಬಂದವನು ಇದನ್ನು ನೋಡಿ, ಪರದೆಯ ಪಕ್ಕದಲ್ಲಿ ಸಣ್ಣ ಕನ್ನಡಿಯೊಂದನ್ನು ತಂತಿಯಿಂದ ಕಟ್ಟಿ ಹೋದ. ಸಾಹೇಬರು ಮೋಟಾರಿಗೆ ಸುತ್ತುವ ತಾಮ್ರದ ತಂತಿ. ಈಗ ರಸ್ತೆಯೂ ಅವನೂ ಒಟ್ಟಿಗೆ ಕಾಣುತ್ತಾರೆ.

ಗಿಡ್ಡಯ್ಯ ಅಟ್ಟ ಹತ್ತಿ ಒಂದು ಕಾಯಿ ಅಲ್ಲಾಡಿಸಿದ. "ರಂಗಪ್ಪ, ಇದು?" ಎಂದ. ಕೆಳಗಿನಿಂದ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನು, "ಗಿಟಕು," ಎಂದೆ. ನನಗೆ ಗೊತ್ತಿರಲಿಲ್ಲ. ಅವನು ಒಡೆದು ನೋಡಲೂ ಇಲ್ಲ. "ಸರಿ ಕಣವ್ವ," ಎಂದ ಮೇಲಿನಿಂದಲೇ.

ಫೆಬ್ರವರಿ

ಮಧ್ಯಾಹ್ನ. ಸೇತುವೆ ದಾಟಿದೆವು, ಪೈನ್ ಮರಗಳನ್ನು ದಾಟಿದೆವು, ಇಳಿಜಾರು ಸಿಕ್ಕಿತು. ನೀರು ಕಂಡಿತು, ಈ ಸಲ ಹತ್ತಿರ, ಆಚೆ ದಡದ ಕಲ್ಲುಗಳೂ ಕಂಡವು. ಅಲ್ಲಿ ರಸ್ತೆ ಎರಡಾಗುತ್ತದೆ. ಅಷ್ಟು ದೂರ ನಾವು ಹಿಂದೆಂದೂ ಬಂದಿರಲಿಲ್ಲ. ಯಾವುದು ಕೆರೆಯದು ಎಂದು ನನಗೆ ತಿಳಿಯದು. ಕನ್ನಡಿ ನೋಡಿದೆ. ಅವನ ಕಣ್ಣು ಎರಡೂ ತೆರೆದಿದ್ದವು, ಪರದೆಯ ಮೇಲೇ ಇದ್ದವು. ಯಾವುದೂ ಮಿಟುಕಲಿಲ್ಲ.

ನಾನು ಎಡಕ್ಕೆ ಒತ್ತಿದೆ.

ಕಾರು ಅಂಚು ಬಿಟ್ಟು ಕೆಳಗೆ ಹೋಯಿತು. ತಪ್ಪಾಯಿತು ರಂಗ ಎಂದೆ. ಕನ್ನಡಿಯಲ್ಲಿ ಅವನ ತುಟಿ ಸ್ವಲ್ಪ ಅಲ್ಲಾಡಿತು. ಸದ್ದು ಬರಲಿಲ್ಲ.

"ಇನ್ನೊಂದು ಸಲ" ಎಂದ ಎಂದು ಬರೆದುಕೊಳ್ಳುತ್ತೇನೆ. ಹೋಲಿಸಿ ನೋಡುವುದಕ್ಕೆ ಅಸಲು ಇಲ್ಲ.

ಕಾರನ್ನು ಹೊರಟ ಜಾಗಕ್ಕೆ ತಂದೆ. ಅಲ್ಲಿಂದ ಸೇತುವೆಗೆ ಬಹಳ ದೂರವೇನಿಲ್ಲ.